ಒಲೆಯ ಮೇಲಿನ ಹಾಲು

"ಬುದ್ಧಿ, ಒಳ್ಳೆಯ ಪುಸ್ತಕ ಓದಿದವನು ಅದನ್ನು ನಾಲ್ಕು ಜನಕ್ಕೆ ಹೇಳಬೇಕೋ, ಇಲ್ಲ ತೆಪ್ಪಗೆ ಕೂರಬೇಕೋ?"

ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಮಠದ ಪುಸ್ತಕದ ಕೋಣೆ ಅವನ ವಶದಲ್ಲಿತ್ತು. ದರ್ಶನಕ್ಕೆ ಬಂದವರಿಗೆ ಪ್ರಸಾದ ಕೊಟ್ಟ ಮೇಲೆ ತಾಳೆಗರಿಯ ಒಂದು ಓಲೆಕಟ್ಟನ್ನೂ ಕೊಟ್ಟು ಕಳಿಸುವುದು ಅವನು ಹಾಕಿಕೊಂಡ ಪದ್ಧತಿ. ಪ್ರಸಾದವನ್ನು ಎಲ್ಲರೂ ಅಲ್ಲೇ ತಿಂದು ಮುಗಿಸುತ್ತಿದ್ದರು. ಓಲೆಕಟ್ಟನ್ನು ಮಾತ್ರ ಕಂಕುಳಲ್ಲಿ ಇರುಕಿಕೊಂಡು ಹೋಗಿ, ಕೆಲವು ವಾರ ಮನೆಯಲ್ಲಿಟ್ಟುಕೊಂಡು, ಹಾಗೆಯೇ ಮರಳಿ ತರುತ್ತಿದ್ದರು.

ಈಗ ಕೈಯಿಂದ ಕೈಗೆ ತಿರುಗುತ್ತಿದ್ದ ಕಟ್ಟನ್ನು ಕಾರ್ತಿಕದಲ್ಲಿ ಗುರುಗಳೇ ಅವನಿಗೆ ಕೊಟ್ಟಿದ್ದರು. ಕೊಡುವಾಗ, ಎದೆ ತುಂಬಿ ಬರುತ್ತದೆ ಎಂದಿದ್ದರು. ಮರುಳಯ್ಯ ಅದನ್ನು ಮೊದಲು ಪಟೇಲರಿಗೆ ಕೊಟ್ಟ. ಆಮೇಲೆ ಮಕ್ಕಳಿಗೆ ಪಾಠ ಹೇಳುವ ಐಗಳಿಗೆ, ಆಮೇಲೆ ಎಣ್ಣೆಯ ವ್ಯಾಪಾರಿಗೆ. ಗುರುವಿನ ಮಾತಿಗೆ ತನ್ನದೊಂದು ಅಕ್ಷರವನ್ನೂ ಸೇರಿಸದೆ ಎಲ್ಲರಿಗೂ ಅದನ್ನೇ ಹೇಳಿದ. ಅವರೂ ಅದನ್ನೇ ತಿರುಗಿ ಹೇಳಿದರು. ಪಟೇಲರಿಗೆ ಎದೆ ತುಂಬಿ ಬಂದಿತ್ತು. ಐಗಳಿಗೂ ಬಂದಿತ್ತು. ಎಣ್ಣೆಯ ವ್ಯಾಪಾರಿಯಂತೂ ಬರಿದಾದ ಗಡಿಗೆ ಹಿಂದಿರುಗಿಸುವವನ ಹಾಗೆ ಕಟ್ಟನ್ನು ಜಗಲಿಯ ಮೇಲಿಟ್ಟು, ಎದೆ ತುಂಬಿ ಬಂತು ಸ್ವಾಮಿ ಎಂದು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಯಾವ ಭಾಗ ಹಿಡಿಸಿತು ಎಂದು ಕೇಳಿದರೆ ಎಲ್ಲರಿಗೂ ಮನೆಯಲ್ಲಿ ಕೆಲಸವಿತ್ತು.

ಮರುಳಯ್ಯನಿಗೆ ಸಿಟ್ಟು ಬರುವ ಕಾಲ ಕಳೆದಿತ್ತು. ಸಾಕಾಗಿತ್ತು, ಅಷ್ಟೆ. ಕಟ್ಟನ್ನು ತಂದು ಗುರುಗಳ ಮುಂದಿಟ್ಟು, ಅದರ ಮೇಲೆ ಕೋಣೆಯ ಬೀಗದ ಕೈಯನ್ನೂ ಇಟ್ಟ. ಓದದವರಿಗೆ ಹೇಳಿ ಹೇಳಿ ಬಾಯಿ ಸೋತಿದೆ, ಈ ಕೆಲಸ ಇನ್ನು ಬೇರೆ ಯಾರಿಗಾದರೂ ವಹಿಸಿ ಎಂದ.

ಗುರುಗಳು ಬೀಗದ ಕೈಯನ್ನು ಮುಟ್ಟಲಿಲ್ಲ. ಅವರಿಗೂ ಅಂದು ದಣಿವಿತ್ತು. ಗೋಡೆಗೆ ಒರಗಿ ಕೂತು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೆಣಸಿನ ವರ್ತಕನಿದ್ದ. ನಾಲ್ಕು ಕಾಸು ಕೈಗೆ ಹತ್ತಿದಾಗ ಬೇರೆಯವರು ಬಂಗಾರ ಮಾಡಿಸಿದರೆ, ಇವನು ಪುಸ್ತಕ ಬರೆಸುತ್ತಿದ್ದ. ಅವನು ತೀರಿಕೊಂಡಾಗ ಅಟ್ಟದ ತುಂಬ ಓಲೆಕಟ್ಟುಗಳು, ಅಟ್ಟದ ಕೆಳಗೆ ಅವನ ಹೆಂಡತಿ ಉಳಿದರು. ಬಂಗಾರ ಬಿಟ್ಟುಹೋಗಿದ್ದರೆ ನೆಂಟರು ಬಂದು ಕೂರುತ್ತಿದ್ದರು. ಪುಸ್ತಕ ಬಿಟ್ಟುಹೋದದ್ದರಿಂದ ಯಾರೂ ಬರಲಿಲ್ಲ. ಸದ್ಯ, ಎಂದುಕೊಂಡು ಅವಳು ಓದಲು ಕೂತಳು.

ಅವಳು ಎಡಚಿ. ಓದಿ ಮುಗಿಸಿ, ಮರದ ಹಲಗೆಗಳ ನಡುವೆ ಗರಿಗಳನ್ನು ಜೋಡಿಸಿ ದಾರ ಸುತ್ತಿದರೆ ಗಂಟು ಎಡಕ್ಕೆ ಮಲಗುತ್ತಿತ್ತು. ಗಂಡ ಬದುಕಿದ್ದಾಗ ಅದನ್ನು ಬಿಚ್ಚಲು ಹೋಗಿ ಉಗುರು ಮುರಿದುಕೊಂಡು, ನೀನು ಕಟ್ಟಿದ್ದನ್ನು ಬಿಚ್ಚಲು ನೀನೇ ಬರಬೇಕು ಮಾರಾಯ್ತಿ ಎಂದು ಗೊಣಗುತ್ತಿದ್ದ.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಗುಟ್ಟು ಇಟ್ಟುಕೊಳ್ಳುವುದಕ್ಕಿಂತ ಕಷ್ಟ. ಅವಳು ಬಾವಿಕಟ್ಟೆಯಲ್ಲಿ ಹೇಳಿದಳು, ಸಂತೆಯಲ್ಲಿ ಹೇಳಿದಳು, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಹೇಳಿದಳು. ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಒಬ್ಬ ಮಂತ್ರಿಯ ಕತೆಯನ್ನು. ಆ ಮಂತ್ರಿ ರಾಜ್ಯವನ್ನೆಲ್ಲ ಆಳಿದವನು. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಎಲ್ಲ ಸಾಕೆನಿಸಿ, ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಡುತ್ತಾನೆ. ಅವನು ಹೊಸ್ತಿಲು ದಾಟುವಲ್ಲಿಗೆ ಬಂದಾಗ ತನಗೆ ಎರಡು ದಿನ ಊಟ ಸೇರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಹೇಳುವಾಗ ಕಣ್ಣಲ್ಲಿ ನೀರಾಡುತ್ತಿತ್ತು.

ಹಾಗೆ ಹೇಳಿದ ಮೇಲೆ ಜನ ಕೇಳದೆ ಇರುತ್ತಾರೆಯೇ? ಮೊದಲು ಊರಿನ ಪುರಾಣಿಕರು ಬಂದು ಒಯ್ದರು. ಮರಳಿ ತಂದಾಗ ಅವರಿಗೂ ಊಟ ಸೇರಿರಲಿಲ್ಲ. ಜೊತೆಗೆ ಒಂದು ಶ್ಲೋಕವನ್ನೂ ಸೇರಿಸಿದರು. ಆಮೇಲೆ ಅಕ್ಕಸಾಲಿ ಒಯ್ದ, ಅವನಿಗೂ ಸೇರಲಿಲ್ಲ. ಗೌಡ ಒಯ್ದ. ತನಗಂತೂ ಸರಿಯೇ, ತನ್ನ ಹೆಂಡತಿಗೂ ಊಟ ಸೇರಲಿಲ್ಲ ಎಂದ. ಆ ಹೆಂಗಸಿಗೆ ಅಕ್ಷರ ಬರುತ್ತಿರಲಿಲ್ಲ. ಹೀಗೆ ಊರಿನಲ್ಲಿ ಊಟ ಸೇರದವರು ಹೆಚ್ಚಾಗುತ್ತ ಹೋದರು. ಸೊರಗಿದವರು ಮಾತ್ರ ಯಾರೂ ಕಾಣಲಿಲ್ಲ.

ಮೊದಮೊದಲು ವರ್ತಕನ ಹೆಂಡತಿಗೆ ಹಿಗ್ಗು. ಊರಿಗೆ ಊರೇ ಓದುತ್ತಿದೆ, ಗಂಡ ಇದ್ದು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದ ಎಂದುಕೊಂಡಳು. ಬೇರೆ ಬೇರೆ ಪುಸ್ತಕಗಳನ್ನೂ ಕೊಟ್ಟಳು. ಪ್ರತಿಯೊಂದನ್ನೂ ಇಂಥದಕ್ಕೆ ಓದಬೇಕು ಎಂದು ಹೇಳಿಯೇ ಕೊಟ್ಟಳು. ಬಂದದ್ದನ್ನು ಬಂದ ಹಾಗೇ ಅಟ್ಟಕ್ಕೆ ಏರಿಸಿದಳು. ತಾನು ಓದಿಯಾದ ಪುಸ್ತಕವನ್ನು ಮತ್ತೆ ಯಾಕೆ ಬಿಚ್ಚಬೇಕು? ಬರುಬರುತ್ತ ಅವಳಿಗೆ ಒಂದು ಬಗೆಯ ಆಯಾಸ ಹತ್ತಿಕೊಂಡಿತು. ಯಾರು ಬಂದರೂ ಅವಳ ಮಾತನ್ನೇ ಅವಳ ಮುಂದೆ ಹಿಡಿಯುತ್ತಿದ್ದರು. ತಾನು ಉಂಡ ಊಟವನ್ನೇ ಮತ್ತೆ ತನಗೆ ಬಡಿಸಿದ ಹಾಗೆ ಆಗುತ್ತಿತ್ತು. ತಾನು ಹೇಳದೆ ಇದ್ದ ಒಂದು ಮಾತನ್ನು, ಒಂದೇ ಒಂದನ್ನು, ಯಾರಾದರೂ ತಂದು ಹೇಳಲಿ ಎಂದು ಅವಳು ಕಾದಳು. ಅದೊಂದು ಸಿಕ್ಕರೆ ಜೊತೆಗೆ ಕೂತು ಮಾತಾಡಲು ಒಬ್ಬರಾದರು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆಗ ಜವಳಿ ವರ್ತಕನ ಸೊಸೆ ಬಂದಳು. ಬೇರೆ ಊರಿನಿಂದ ಬಂದ ಹೊಸ ಹುಡುಗಿ. ಮಂತ್ರಿಯ ಕತೆಯನ್ನು ಒಯ್ದವಳು ಬಹಳ ದಿನ ಇಟ್ಟುಕೊಂಡಳು. ಮರಳಿ ತಂದಾಗ ಊಟದ ಮಾತೇ ಎತ್ತಲಿಲ್ಲ.

"ಮಂತ್ರಿ ಬಿಟ್ಟು ಹೋದ, ಸರಿ ಅಮ್ಮಾ. ಆದರೆ ಹೋಗುವ ಮೊದಲು ಒಲೆಯ ಮೇಲೆ ಹಾಲಿಟ್ಟಿದ್ದ. ಹಿಂದಿನ ಗರಿಯಲ್ಲೇ ಇದೆ. ಅದನ್ನು ಇಳಿಸಿದವರು ಯಾರು?"

ಬೇರೆ ಮಾತು ಬೇಕು ಎಂದು ಕಾದಿದ್ದವಳಿಗೆ ಬೇರೆ ಮಾತು ಬಂದಾಗ ಕೊಂಕಿನ ಹಾಗೆ ಕೇಳಿಸಿತು. ತಾನು ಅತ್ತ ಜಾಗದಲ್ಲಿ ಈ ಹುಡುಗಿ ನಿಂತು ಹಾಲು ಹುಡುಕುತ್ತಿದ್ದಾಳಲ್ಲ ಎನಿಸಿತು. ಹಾಲಿನ ಮಾತು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ, ಓದದೆ ಇದ್ದರೆ ಓದಿಲ್ಲ ಅನ್ನಬೇಕು, ಇಲ್ಲದ್ದನ್ನು ಹುಟ್ಟಿಸಬಾರದು ಎಂದು ಹೇಳಿ, ಅವಳ ಎದುರಿಗೇ ಕಟ್ಟನ್ನು ಅಟ್ಟದ ಮೂಲೆಗೆ ಎಸೆದಳು. ಮುನಿಸು ಎಷ್ಟಿತ್ತೆಂದರೆ ಆ ಪುಸ್ತಕವನ್ನು ಆಮೇಲೆ ಯಾರಿಗೂ ಕೊಡಲಿಲ್ಲ, ಅದರ ಹೆಸರನ್ನೂ ಎತ್ತಲಿಲ್ಲ. ಹುಡುಗಿಯ ಹೆಸರನ್ನು ಮಾತ್ರ ಬಾವಿಕಟ್ಟೆಯಲ್ಲಿ ಎತ್ತಿದಳು.

ವರ್ಷಗಳು ಹೋದವು. ಅವಳ ಕಣ್ಣಿಗೆ ಪೊರೆ ಬಂತು. ಗರಿಯ ಮೇಲಿನ ಅಕ್ಷರ ಮೊದಲು ಇರುವೆಯ ಸಾಲಿನಂತಾಗಿ, ಆಮೇಲೆ ಬರಿಯ ಮಸಿಯಾಯಿತು. ಪುಸ್ತಕಗಳನ್ನು ಓದುವವರ ಕೈಗೇ ಒಪ್ಪಿಸಬೇಕು ಎಂದು ಅವಳು ಯೋಚಿಸಿದಳು. ಗಂಡನ ಆಯುಸ್ಸೆಲ್ಲ ಆ ಅಟ್ಟದ ಮೇಲಿತ್ತು. ತಪ್ಪು ಕೈಗೆ ಬಿದ್ದರೆ ಗೆದ್ದಲಿಗೆ ಹಾಕಿದ ಹಾಗೆ. ಊರಿನಲ್ಲಿ ಪುರಾಣಿಕರಷ್ಟು ಚೆನ್ನಾಗಿ ಪುಸ್ತಕ ಮೆಚ್ಚಿದವರು ಇನ್ನೊಬ್ಬರಿರಲಿಲ್ಲ. ಗುಡಿಯ ಜಗಲಿಯಲ್ಲಿ ಹಿರಿಯರ ಮುಂದೆ ಅವರಿಗೇ ಮಾತು ಕೊಟ್ಟಳು.

ಗಾಡಿ ಬರುವ ಹಿಂದಿನ ದಿನ ಕಟ್ಟುಗಳನ್ನು ಕೆಳಗಿಳಿಸಿಕೊಂಡು, ಗರಿಗಳಿಗೆ ಎಣ್ಣೆ ಸವರಿ ಕೊಡೋಣವೆಂದು ಕೂತಳು. ಮೊದಲನೆಯ ಕಟ್ಟಿನ ಗಂಟಿಗೆ ಬೆರಳು ತಾಗಿತು. ಗಂಟು ಎಡಕ್ಕೆ ಮಲಗಿತ್ತು. ಮಂತ್ರಿಯ ಕತೆಯಾದ ಮೇಲೆ ಪುರಾಣಿಕರು ಒಯ್ದು, ಮೂರು ತಿಂಗಳಿಟ್ಟುಕೊಂಡು ಹೊಗಳಿದ ಪುಸ್ತಕ ಅದು. ಎರಡನೆಯದೂ ಎಡಕ್ಕೆ. ಅದು ಅಕ್ಕಸಾಲಿಯದು. ಮೂರನೆಯದು ಗೌಡನದು. ಕಣ್ಣು ಹೋದವಳಿಗೆ ಬೆರಳು ಸಾಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಟ್ಟ ಹೆಚ್ಚುಕಡಿಮೆ ಬರಿದಾಯಿತು. ಕೆಳಗಿಳಿದ ಗಂಟುಗಳೆಲ್ಲ ಅವಳವೇ. ಊರಿಗೆ ಹೋಗಿ ಬಂದ ಪುಸ್ತಕಗಳು, ಒಂದು ಗರಿಯೂ ಅಲುಗದೆ, ಅವಳು ಕಟ್ಟಿದ ಹಾಗೆಯೇ ಇದ್ದವು.

ಅವಳಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಇಷ್ಟು ವರ್ಷ ತಾನು ಊರಿಗೆ ಹಂಚಿದ್ದು ಪುಸ್ತಕವನ್ನಲ್ಲ, ತನ್ನ ಮಾತನ್ನು ಎಂದು ಹೊಳೆಯಿತು. ಜನ ಸಾಲ ಇಟ್ಟುಕೊಂಡಿರಲಿಲ್ಲ, ಪಾಪ. ಅದನ್ನೇ ತಂದು ತೀರಿಸಿದ್ದರು.

ಕೊನೆಗೆ ಅಟ್ಟದ ಮೂಲೆಯಲ್ಲಿ ಧೂಳು ಹಿಡಿದ ಒಂದು ಕಟ್ಟು ಉಳಿದಿತ್ತು. ಮುಟ್ಟಿದಳು. ಗಂಟು ಬಲಕ್ಕೆ ಮಲಗಿತ್ತು.

ಕೊಟ್ಟ ಮಾತು ಕೊಟ್ಟದ್ದೇ. ಮರುದಿನ ಗಾಡಿ ಬಂತು, ಪುಸ್ತಕಗಳು ಪುರಾಣಿಕರ ಮನೆಗೆ ಹೋದವು. ಅವರು ಈ ದಾನದ ಮೇಲೆ ಒಂದು ಶ್ಲೋಕ ಹೇಳಿದರು. ಅವಳು ಆ ಒಂದು ಕಟ್ಟನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡು, ಗೋಡೆ ಹಿಡಿದು ಹಿಡಿದು ಜವಳಿ ವರ್ತಕನ ಮನೆಗೆ ನಡೆದಳು.

ಸೊಸೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಈಗ ಅವಳು ಹುಡುಗಿಯಲ್ಲ. ಇವಳನ್ನು ಕಂಡು ಎದ್ದಳು, ಮಣೆ ಹಾಕಿದಳು, ನೀರು ಕೊಟ್ಟಳು. ಈಗೇನು ಓದುತ್ತೀಯೆ ಎಂದು ಕೇಳಿದ್ದಕ್ಕೆ, ಏನೂ ಇಲ್ಲ ಎಂದಳು. ಕೊಂಕು ತೆಗೆಯುವವಳು ಎಂದು ಹೆಸರಾದ ಮೇಲೆ ಊರಿನಲ್ಲಿ ಯಾರೂ ಪುಸ್ತಕ ಕೊಡಲಿಲ್ಲವಂತೆ. ಮೊದಲು ಬೇಜಾರಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತಂತೆ. ಅದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಹೇಳುತ್ತ ಕಲ್ಲು ಹೆಕ್ಕುತ್ತಲೇ ಇದ್ದಳು.

ವರ್ತಕನ ಹೆಂಡತಿ ಕಟ್ಟನ್ನು ತೆಗೆದು ಅವಳ ಮಡಿಲಿಗೆ ಇಟ್ಟಳು.

"ಮಗಳೇ, ಈ ಗಂಟು ನೀನು ಹಾಕಿದ್ದು. ಇಡೀ ಊರಿನಲ್ಲಿ ಬಿಚ್ಚಿ ಓದಿದವಳು ನೀನೊಬ್ಬಳೇ."

ಸೊಸೆ ಗಂಟಿನ ಮೇಲೆ ಬೆರಳಾಡಿಸಿದಳು. ತನ್ನದೇ ಎಂದು ಅವಳಿಗೂ ಗುರುತು ಸಿಕ್ಕಿತು. ಮೊರವನ್ನು ಪಕ್ಕಕ್ಕೆ ಇಟ್ಟಳು.

"ಹಾಗಾದರೆ ನಾನು ಹಾಲಿನ ಮಾತು ಹೇಳಿ ಹೋದ ಮೇಲೆ ನೀವೂ ಇದನ್ನು ಬಿಚ್ಚಿ ನೋಡಲಿಲ್ಲ, ಅಲ್ಲವೇ ಅಮ್ಮಾ?"

ವರ್ತಕನ ಹೆಂಡತಿಯ ಬೆರಳು ಆ ಗಂಟಿಗೆ ಹೋಯಿತು. ಈಗ ಬಿಚ್ಚಿ ಓದೋಣವೆಂದರೆ ಕಣ್ಣು ಇರಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು.

ಮರುಳಯ್ಯ ಮೂಗು ಒರೆಸಿಕೊಂಡ. ಅವನ ದಣಿವು ಅರ್ಧ ಇಳಿದಿತ್ತು. ತಾನು ಪಡುವ ಪಾಡನ್ನು ಹಿಂದೆಯೂ ಒಬ್ಬಳು ಪಟ್ಟಿದ್ದಳಲ್ಲ ಎಂದು ಸಮಾಧಾನ. ಪಟೇಲರು, ಐಗಳು, ಎಣ್ಣೆಯ ವ್ಯಾಪಾರಿ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಈ ಕತೆಯನ್ನು ಅವರನ್ನೆಲ್ಲ ಕೂರಿಸಿಕೊಂಡು ಹೇಳಬೇಕು ಎನಿಸಿತು. ಬೀಗದ ಕೈಯತ್ತ ಕೈ ಚಾಚಿದ.

"ಎದೆ ತುಂಬಿ ಬಂತು, ಬುದ್ಧಿ. ಆ ಮಂತ್ರಿಯ ಪುಸ್ತಕ ಎಲ್ಲಿಯಾದರೂ ಸಿಕ್ಕೀತೇ? ಓದಬೇಕು. ಬಂದವರಿಗೆಲ್ಲ ಹೇಳಬೇಕು."

ಗುರುಗಳು ಕಣ್ಣು ತೆರೆದರು. ಅವನು ತಂದಿಟ್ಟಿದ್ದ ಓಲೆಕಟ್ಟನ್ನು ಮೆಲ್ಲನೆ ಅವನ ಕಡೆಗೆ ಸರಿಸಿದರು.

"ಕಾರ್ತಿಕದಿಂದ ನೀನು ಎಲ್ಲರಿಗೂ ಕೊಡುತ್ತಿರುವುದು ಅದನ್ನೇ, ಮರುಳಯ್ಯ."