ಅರೆಜಡೆ ದೊಣೆ

ಕೆಂಗುಡ್ಡದ ನೆತ್ತಿಯ ಮೇಲೆ ಒಂದು ದೊಣೆ ಇದೆ. ದೊಣೆ ಎಂದರೆ ಬಂಡೆಯ ಕುಳಿಯಲ್ಲಿ ಮಳೆನೀರು ನಿಂತು ತಾನಾಗಿಯೇ ಆದ ಕೊಳ. ಯಾರೂ ಅಗೆದು ಕಟ್ಟಿದ್ದಲ್ಲ. ಅದರ ಮೇಲೆ ಬಾಗಿರುವ ಬಸರಿ ಮರದಿಂದ ಮೂರು ಬೇರುಗಳು ನೀರಿನತ್ತ ಇಳಿಬಿದ್ದಿವೆ. ಅರ್ಧದವರೆಗೆ ಅವು ಹೆಣ್ಣುಮಕ್ಕಳ ಜಡೆಯಂತೆ ಹೆಣೆದುಕೊಂಡಿವೆ, ಅಲ್ಲಿಂದ ಕೆಳಗೆ ಬಿಡಿಬಿಡಿಯಾಗಿವೆ. ದಡದಲ್ಲಿ ಮರದ ಬಾಚಣಿಗೆಗಳೂ ಜಡೆಗೆ ಕಟ್ಟುವ ಕರಿದಾರಗಳೂ ಹರಕೆಯಾಗಿ ಬಿದ್ದಿರುತ್ತವೆ. ಆದರೆ ಎಷ್ಟು ಹುಡುಕಿದರೂ ಅಲ್ಲಿ ಒಂದು ಹಣತೆ ಸಿಗದು, ಬಂಡೆಯ ಮೇಲೆ ಎಣ್ಣೆಯ ಒಂದು ಕಲೆಯೂ ಕಾಣದು. ಪೂಜೆ ನಡೆಯುವ ಜಾಗದಲ್ಲಿ ದೀಪವೇ ಇಲ್ಲದಿರುವುದು ವಿಚಿತ್ರವಲ್ಲವೇ? ಅದಕ್ಕೆ ಕಾರಣವನ್ನು ಊರವರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಗುಡ್ಡದ ಬುಡದ ಹಟ್ಟಿಯಲ್ಲಿ ಸಣ್ಣೀರಮ್ಮ ಎಂಬ ಮುದುಕಿ ಇದ್ದಳು. ಅವಳ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಮಗಳ ಮಗಳು ಬೊಮ್ಮಕ್ಕ, ಒಂಬತ್ತು ವರ್ಷದವಳು, ಅಜ್ಜಿಯ ಮಡಿಲಲ್ಲಿ ಉಳಿದಿದ್ದಳು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು, ಬೆರಳುಗಳು ಸೊಟ್ಟಗಾಗಿ ಮಡಚುತ್ತಿರಲಿಲ್ಲ. ಆದ್ದರಿಂದ ಮೊಮ್ಮಗಳಿಗೆ ಜಡೆ ಹಾಕಲು ಅವಳಿಗೆ ಆಗುತ್ತಿರಲಿಲ್ಲ. ತಾಯಿಯಿಲ್ಲದ ಆ ತಲೆಯನ್ನು ನೋಡಿ ಹಟ್ಟಿಯ ಮಕ್ಕಳು 'ಗೂಬೆಗೂಡು, ಗೂಬೆಗೂಡು' ಎಂದು ಕೂಗುತ್ತಿದ್ದರು. ಹುಡುಗಿ ಕುರಿಮರಿಗಳನ್ನು ಹೊಡೆದುಕೊಂಡು ಗುಡ್ಡ ಹತ್ತಿಬಿಡುತ್ತಿದ್ದಳು. ಅಜ್ಜಿಗೆ ಅದೇ ದೊಡ್ಡ ಸಂಕಟವಾಗಿತ್ತು. ಹೀಗಿರುವಾಗ ಒಂದು ಸಂಜೆ ಬೊಮ್ಮಕ್ಕ ಬಂದು ಮಡಿಲಿಗೆ ಒರಗಿದಾಗ ಮುದುಕಿಯ ಕೈಗೆ ಬಿಗಿಯಾದ, ನುಣುಪಾದ ಜಡೆಯೊಂದು ತಾಕಿತು.

"ಯಾರೇ ಹಾಕಿದ್ದು ಇದನ್ನ?"

"ದೊಣೆಯೊಳಗಿನ ಅಕ್ಕಗಳು, ಅಜ್ಜಿ. ಏಳು ಜನ ಇದಾರೆ."

ಹುಡುಗಿ ಎಲ್ಲವನ್ನೂ ಹೇಳಿದಳು. ನಡುಹಗಲಲ್ಲಿ ಬಿಸಿಲು ನೇರವಾಗಿ ಬಿದ್ದಾಗ ನೀರಿನೊಳಗೆ ಮೆಟ್ಟಿಲು ಕಂಡವಂತೆ. ಇಳಿದರೆ ಲಂಗದ ಅಂಚೂ ನೆನೆಯಲಿಲ್ಲವಂತೆ. ಕೆಳಗೆ ಸೂರ್ಯನಿಲ್ಲ, ತುಂಬೆಹೂಗಳೇ ಬೆಳಕು ಕೊಡುತ್ತವೆ. ಮೀನುಗಳು ಕೊಂಬೆಯ ಮೇಲೆ ಕೂರುತ್ತವೆ. ಕುರಿಗಳ ಮೈಮೇಲೆ ಉಣ್ಣೆಯ ಬದಲು ಮಂಜು.

"ಒಂದು ಕಂಬಳಿಗಾಗೋವಷ್ಟು ಮಂಜು ಕತ್ತರಿಸ್ಕೊಂಡು ಬರಬಾರದಿತ್ತೇನೇ?" ಎಂದು ಮುದುಕಿ ನಕ್ಕಳು.

"ನಗಬೇಡಜ್ಜಿ. ಮೆಟ್ಟಿಲ ಮೇಲೆ ಸಾಲಾಗಿ ಕೂತು, ಒಬ್ಬೊಬ್ಬಳು ತನ್ನ ಕೆಳಗಿನವಳಿಗೆ ಜಡೆ ಹಾಕ್ತಾಳೆ. ಎಲ್ಲಾರಿಗಿಂತ ಮೇಲೆ ಕೂತ ದೊಡ್ಡಕ್ಕನಿಗೆ ಹಾಕೋರೇ ಇಲ್ಲ. 'ನಾಳೆ ಬಂದು ನನಗೆ ತುದೀವರೆಗೂ ಜಡೆ ಹಾಕು, ನಿಮ್ಮವ್ವನ್ನ ಕರೀತೀನಿ, ಬಂದು ನಿನಗೊಂದು ಜಡೆ ಹಾಕಿ ಹೋಗ್ತಾಳೆ' ಅಂದ್ಲು. ಆದ್ರೆ ನಮ್ಮನೇಲಿ ದೀಪ ಹಚ್ಚೋದ್ರೊಳಗೆ ಮುಗೀಬೇಕಂತೆ. ಹಚ್ಚಿದ ಮೇಲೆ ಬಾಗಿಲು ಮುಚ್ಚಿಹೋಗುತ್ತಂತೆ."

ಇಲ್ಲಿ ಒಂದು ಮಾತು ತಿಳಿಸಬೇಕು. ದೀಪ ಹಚ್ಚಿದ ಮೇಲೆ ಹೆಂಗಸರು ತಲೆ ಬಾಚಬಾರದೆಂಬ ಕಟ್ಟು ನಮ್ಮಲ್ಲಿ ಇಂದಿಗೂ ಇದೆ. ಅದೇ ಕಟ್ಟು ನೀರಿನೊಳಗಿನವರಿಗೂ ಇತ್ತು ಎನ್ನುತ್ತಾರೆ. ಮುದುಕಿ ಮಾತ್ರ, "ನಮ್ಮ ಹಣತೆಗೂ ಅವರಿಗೂ ಏನೇ ನಂಟು, ಮಳ್ಳಿ? ಮಲಕ್ಕೋ" ಎಂದಳು. ಅವ್ವ ಎಂಬ ಮಾತು ಕೇಳಿ ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಸತ್ತವಳು ಅವಳಿಗೂ ಮಗಳಲ್ಲವೇ?

ಮರುದಿನ ಬೊಮ್ಮಕ್ಕ ನಡುಹಗಲಿಗೆ ಮೊದಲೇ ಗುಡ್ಡ ಹತ್ತಿದಳು. ಇಳಿಹೊತ್ತಿಗೆ ಮೋಡ ಕವಿದು ಹಟ್ಟಿಯೆಲ್ಲ ಕಪ್ಪಾಯಿತು. ಪೊರೆಗಣ್ಣಿನ ಮುದುಕಿಗೆ ಹೊತ್ತು ಮುಳುಗಿತೆಂದೇ ತೋರಿತು. ಕುರಿಮರಿಗಳು ತಾವಾಗಿ ಹಟ್ಟಿಗೆ ಬಂದವು, ಹುಡುಗಿ ಬರಲಿಲ್ಲ. ಕತ್ತಲಲ್ಲಿ ಮಗು ದಾರಿ ತಪ್ಪೀತೆಂದು ಅವಳು ಒಲೆಯ ಕೆಂಡ ಊದಿ ಹಣತೆ ಹಚ್ಚಿ, ಗುಡ್ಡಕ್ಕೆ ಕಾಣುವಂತೆ ಹೊಸಿಲ ಮೇಲಿಟ್ಟಳು. ಕುಡಿ ನಿಂತು ಉರಿಯುವಷ್ಟರಲ್ಲಿ ಮೋಡ ಸರಿಯಿತು. ಮುಖಕ್ಕೆ ಬಿಸಿಲು ತಾಕಿತು. ಸೂರ್ಯ ಇನ್ನೂ ಗುಡ್ಡದ ಮೇಲೆ ಮಾರುದ್ದ ಎತ್ತರದಲ್ಲಿದ್ದ. ಆಗ ಅವಳಿಗೆ ಹಿಂದಿನ ಸಂಜೆಯ ಮಾತು ನೆನಪಾಯಿತು. ಉರಿಯನ್ನು ಬರಿಗೈಯಿಂದಲೇ ಒತ್ತಿ ಆರಿಸಿ, ತಡವರಿಸುತ್ತ ಗುಡ್ಡ ಹತ್ತಿದಳು.

ದೊಣೆಯ ನೀರು ಅಲುಗದೆ ನಿಂತಿತ್ತು. ಅದರ ಆಳದಿಂದ ಮಗುವಿನ ದನಿ ಕೇಳಿಸಿತು: "ಅಜ್ಜೀ, ಇನ್ನೂ ಹೊತ್ತು ಮುಳುಗಿಲ್ಲ. ಯಾಕೆ ಹಚ್ಚಿದೆ? ಅರ್ಧ ಆಗಿತ್ತು."

"ಆರಿಸ್ಬಿಟ್ಟೆ ಕಂದಾ, ಆರಿಸ್ಬಿಟ್ಟೆ. ಮುಗಿಸಿ ಬಾ!"

ನೀರು ಮತ್ತೆ ಮಾತಾಡಲಿಲ್ಲ. ಅಂದಿನಿಂದ ಸಾಯುವವರೆಗೆ ಸಣ್ಣೀರಮ್ಮ ಮನೆಯಲ್ಲಿ ದೀಪ ಹಚ್ಚಲಿಲ್ಲ. ಕತ್ತಲಲ್ಲೇ ಉಂಡಳು, ಕತ್ತಲಲ್ಲೇ ಬಾಗಿಲು ತೆರೆದಿಟ್ಟು ಕೂತಳು. ನೀರಿನೊಳಗೆ ಜಡೆ ಹೆಣೆಯುವ ಮಗುವಿನ ಕೈ ಮತ್ತೆ ನಿಲ್ಲಬಾರದು, ಅಷ್ಟೇ ಅವಳ ಆಸೆ. ಆ ವರ್ಷವೇ ಬಸರಿಯ ಬೇರುಗಳು ಇಳಿದವು, ಅರ್ಧ ಹೆಣೆದು ನಿಂತವು ಎನ್ನುತ್ತಾರೆ.

ಈಗಲೂ ಆ ಹಟ್ಟಿಯ ಮುದುಕಿಯರು ಹಣತೆ ಹಿಡಿದು, "ಹೊತ್ತು ಮುಳುಗಿತೇನ್ರೋ?" ಎಂದು ಹೊರಗಿದ್ದವರನ್ನು ಎರಡು ಸಲ ಕೇಳಿಯೇ ಬತ್ತಿಗೆ ಬೆಂಕಿ ಮುಟ್ಟಿಸುತ್ತಾರೆ. ದೊಣೆ ನೋಡಲು ಹೋದವರು ಬೇರುಗಳ ಬಿಡಿ ತುದಿಗಳು ಗಾಳಿಯಿಲ್ಲದಾಗಲೂ ನೀರಿನ ಮೇಲೆ ಮೆಲ್ಲಗೆ ಆಡುವುದನ್ನು ಕಾಣಬಹುದು. ಹೆಣಿಗೆ ಮಾತ್ರ ಒಂದು ಬೆರಳಷ್ಟೂ ಕೆಳಗೆ ಇಳಿದಿಲ್ಲ.