ಗಿಳಿ ಹಿಡಿಯ ಕೋಲು

"ಗುರುಗಳೇ, ಕೆಲಸ ಮುಗಿಯಿತೆಂದು ಉಳಿ ಕೆಳಗಿಡುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ನಿವೃತ್ತನಾದ ಮೇಲೆ ಮರ ಕಡೆಯುವುದನ್ನು ಕಲಿಯಲು ನನ್ನ ಹತ್ತಿರ ಬಂದವನು ಅವನು. ಮೊಮ್ಮಗಳು ಹಿಡಿದು ನಡೆಯಲು ಕಲಿಯಲೆಂದು ಮೂರು ಗಾಲಿಯ ಗಾಡಿ ಮಾಡಲು ಹೊರಟು ಐದು ತಿಂಗಳಾಗಿತ್ತು. ಇನ್ನೂ ಒಂದನೆಯ ಗಾಲಿಯನ್ನೇ ಉಜ್ಜುತ್ತಿದ್ದ.

ನಾನು ಹೇಳಿದೆ: ನಾನು ಕೆತ್ತಿದ ಗಿಳಿಯ ಮೇಲೆ ಬೆಕ್ಕು ಹಾರಿ, ಕೊಕ್ಕು ಕಚ್ಚಿ ಎರಡು ಹಲ್ಲು ಕಳೆದುಕೊಂಡಿತ್ತು. ಅದನ್ನು ಕಂಡವಳು ನನ್ನ ಹೆಂಡತಿ ಒಬ್ಬಳೇ. ಈಗ ಅವಳೂ ಇಲ್ಲ, ಬೆಕ್ಕೂ ಇಲ್ಲ. ಅಂಥ ಕೈ ನನ್ನದು. ಆದರೆ ಈ ಕತೆ ನನ್ನದಲ್ಲ, ಬೇರೆಯವನದು. ಕೇಳು.

ಒಬ್ಬ ಬಸ್ ಡ್ರೈವರ್ ಇದ್ದ. ಮೂವತ್ತೈದು ವರ್ಷ ಗಡಿಯಾರ ನೋಡಿಕೊಂಡೇ ಬಸ್ಸು ಓಡಿಸಿದವನು. ಕೆಲಸದಿಂದ ಇಳಿದ ಮೇಲೆ ಮರದ ಹುಚ್ಚು ಹತ್ತಿತು. ಕಡೆಯಲು ಕಲಿತ, ಕೆತ್ತಲು ಕಲಿತ. ಅದೇ ವರ್ಷ ಅವನ ಹೆಂಡತಿಯ ಮಂಡಿ ಹೋಯಿತು. ಗೋಡೆ ಹಿಡಿದು ನಡೆಯುತ್ತಿದ್ದಳು.

"ಬೇಲಿಯಿಂದ ಒಂದು ಬಿದಿರು ಕಡಿದುಕೊಡಿ, ಸಾಕು" ಎಂದಳು.

"ಉಳಿ ಹಿಡಿದವನ ಹೆಂಡತಿ ಬೇಲಿ ಕೋಲು ಊರಿಕೊಂಡು ಹೋದರೆ ಊರು ನಗುವುದಿಲ್ಲವೇನೇ?" ಎಂದ.

ಬೀಟೆಯ ಕೋಲಿಗೆ ಕೈ ಹಾಕಿದ. ಮೊದಲನೆಯದರಲ್ಲಿ ಒಂದು ಗಂಟು ಕಂಡಿತು, ಎಸೆದ. ಎರಡನೆಯದು ಭಾರವೆಂದು ಕಡೆದು ಕಡೆದು ಸಣ್ಣ ಮಾಡಿದ, ಮುರಿಯಿತು. ಮೂರನೆಯದಕ್ಕೆ ಗಿಳಿಯ ಹಿಡಿಯೇ ಆಗಬೇಕು ಅನ್ನಿಸಿತು. ಗಿಳಿಗೆ ರೆಕ್ಕೆ, ರೆಕ್ಕೆಗೆ ಗರಿ. ಮಳೆ ಹೋಗಿ ಚಳಿ ಬಂತು. ಕೋಣೆಯಿಂದ ಬಚ್ಚಲಿನವರೆಗೆ, ಗೋಡೆಯ ಸುಣ್ಣದ ಮೇಲೆ ಅವಳ ಅಂಗೈ ಸವರಿದ ಕಪ್ಪು ಗೆರೆ ಮೂಡಿತು.

ಒಂದು ದಿನ ಗಿಳಿಯನ್ನು ಅವಳ ಮುಂದೆ ಹಿಡಿದು, "ಹೇಗಿದೆ ಹೇಳು" ಎಂದ.

"ಗಿಳಿಯೇನೋ ಹಾರುವ ಹಾಗಿದೆ. ನಾನು ನಡೆಯುವುದು ಯಾವಾಗ?"

"ಕಣ್ಣೊಂದು ಬಾಕಿ. ಜೀವಮಾನವೆಲ್ಲ ಅವಸರದಲ್ಲೇ ಹೋಯಿತು. ಇದೊಂದನ್ನಾದರೂ ನಿಧಾನವಾಗಿ ಮಾಡಲು ಬಿಡು ಮಾರಾಯ್ತಿ."

ಕಣ್ಣು ಕೂರಿಸಿದ ದಿನವೇ, ಗೋಡೆ ಮುಗಿದು ಬಚ್ಚಲಿನ ಬಾಗಿಲು ಬರುವ ಜಾಗದಲ್ಲಿ ಅವಳು ಬಿದ್ದಳು. ಸೊಂಟ ಮುರಿಯಿತು. ಮತ್ತೆ ಏಳಲಿಲ್ಲ. ಅವಳು ತೀರಿಕೊಂಡಾಗ ಅವನು ಕೋಲನ್ನು ಚಿತೆಯ ಮೇಲಿಟ್ಟ. ಅದೂ ಬೂದಿಯಾಯಿತು.

ಕತೆ ಇಷ್ಟೇ ಎಂದೆ. ಶಿಷ್ಯ ಗಾಲಿ ಕೆಳಗಿಟ್ಟು, ನನ್ನ ತಲೆಯ ಮೇಲ್ಗಡೆ ಗೋಡೆಯಲ್ಲಿದ್ದ ಗೂಟದತ್ತ ನೋಡಿದ.

"ಕೋಲು ಚಿತೆಗೆ ಹೋಯಿತು ಅಂದಿರಿ. ಹಾಗಾದರೆ ಅಲ್ಲಿ ನೇತಾಡುತ್ತಿರುವ ಗಿಳಿ ಕೋಲು ಯಾರದು, ಗುರುಗಳೇ? ಅದರ ಕೊಕ್ಕಿನ ಮೇಲೆ ಬೆಕ್ಕಿನ ಹಲ್ಲಿನ ಗುರುತೂ ಇಲ್ಲವಲ್ಲ!"

ನಾನು ಹೆಗಲ ಮೇಲಿನ ಮರದ ಹೊಟ್ಟು ಕೊಡವಿಕೊಂಡೆ.

"ಕೊಕ್ಕು ಬಿಡು, ತುದಿ ನೋಡು. ನೆಲ ಮುಟ್ಟಿದ ಗುರುತೂ ಇಲ್ಲ."