ಚಂಡಮಾರುತದ ನಡುವಿಗೆ ಅಂಗಳ ಬಂದದ್ದು

ಲೋಕ ಹೊಸದಾಗಿ ಹುಟ್ಟಿ, ಇನ್ನೂ ಮೈ ಆರದಿದ್ದ ಕಾಲ. ಆಗ ಕಡಲಿಗೆ ಮಾತು ಬರುತ್ತಿತ್ತು, ಹಕ್ಕಿಗೆ ಮಾತು ಬರುತ್ತಿತ್ತು. ಗಾಳಿಯನ್ನಂತೂ ಕೇಳುವುದೇ ಬೇಡ, ನಿನ್ನ ಹಾಗೆಯೇ ಕೂಸೇ, ಕಣ್ಣು ಬಿಟ್ಟರೆ ಮಾತು ಶುರು.

ಆ ಕಾಲದಲ್ಲಿ ಚಂಡಮಾರುತ ಬಂತೆಂದರೆ ಮೊದಲಿಂದ ಕೊನೆಯವರೆಗೆ ಒಂದೇ ಸಮ ಬಡಿಯುತ್ತಿತ್ತು. ನಡುವೆ ಬಿಡುವು ಅನ್ನೋದೇ ಇರಲಿಲ್ಲ. ಬಿಡುವು ಹೇಗೆ ಬಂತು ಅಂತ ಹೇಳ್ತೇನೆ, ಕೇಳು. ಅಡ್ಡ ಬಾಯಿ ಹಾಕಿದರೆ ಎದ್ದು ಹೋಗ್ತೇನೆ.

ಕಡಲ ದಂಡೆಯಲ್ಲಿ ಮಂಕಾಳಿ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಹತ್ತು ವರ್ಷದ ಮಗಳು ಹೊನ್ನಿ ಒಬ್ಬಳೇ ಅವಳಿಗೆ ದಿಕ್ಕು. ಪಕ್ಕದ ಮನೆಯಲ್ಲಿ ಮೈದುನ ಜಟ್ಟಿ ಇದ್ದ. ಒಳ್ಳೆಯವನೇ, ತಾನು ಹಿಡಿದ ಮೀನಿನಲ್ಲಿ ಅತ್ತಿಗೆಗೆ ಒಂದು ಪಾಲು ತಪ್ಪದೆ ಕೊಡುತ್ತಿದ್ದ. ಹಟ ಸ್ವಲ್ಪ ಜಾಸ್ತಿ, ಅಷ್ಟೆ.

ಆ ವಾರವೆಲ್ಲ ಕಡಲು ಕಾದಿತ್ತು. ಕಾಲಿಟ್ಟರೆ ಬಾಣಂತಿಗೆ ಕಾಯಿಸಿದ ನೀರಿನ ಹಾಗಿತ್ತು. ಗಾಳಿ ಒಂದಿಷ್ಟೂ ಇಲ್ಲ, ಆದರೂ ಉದ್ದುದ್ದ ಅಲೆಗಳು ಬಂದು ಬಂದು ದಂಡೆಗೆ ಬೀಳುತ್ತಿದ್ದವು. ಕಡಲಕಾಗೆಗಳು ಗುಂಪು ಕಟ್ಟಿಕೊಂಡು ಊರೊಳಗೆ ಹೊರಟವು.

"ಎಲ್ಲಿಗೆ ಹೊರಟಿರಿ?" ಎಂದು ಮಂಕಾಳಿ ಕೇಳಿದಳು.

"ದೂರದಲ್ಲಿ ಯಾರೋ ಎದ್ದಿದ್ದಾನೆ. ಅಲೆ ಮುಂದೆ ಕಳಿಸಿದ್ದಾನೆ, ಆಸಾಮಿ ಹಿಂದೆ ಬರ್ತಾನೆ," ಎಂದವು ಹಕ್ಕಿಗಳು.

ಮಂಕಾಳಿ ಒಳಗೆ ಬಂದು ನೋಡಿದರೆ ಹೊನ್ನಿ ಇಲ್ಲ! ಕಡಲು ಇಳಿದ ಹೊತ್ತು ನೋಡಿ, ಸಾರಿಗೆ ಹಾಕುವ ಚಿಪ್ಪಿಕಲ್ಲು ಕೀಳಲು ದಂಡೆಯ ತುದಿಯ ದೊಡ್ಡ ಬಂಡೆಗೆ ಹೋಗಿದ್ದಳು. ಮಂಕಾಳಿ ಓಡಿದಳು. ಅರ್ಧ ದಾರಿಯಲ್ಲಿ ಗಾಳಿ ಬಂದೇಬಿಟ್ಟಿತು.

ತೆಂಕು ದಿಕ್ಕಿನಿಂದ ಬಂತು. ಮರ ಮುರಿಯಿತು, ಮಾಡು ಹಾರಿತು, ಮರಳು ಎದ್ದು ಮುಖಕ್ಕೆ ಹೊಡೆಯಿತು. ಹೊನ್ನಿ ಜಾಣೆ. ಬಂಡೆಯ ಬಡಗು ಮಗ್ಗುಲಲ್ಲಿ, ನೀರಿಗಿಂತ ಎತ್ತರದಲ್ಲಿ ಒಂದು ಪೊಟರೆ ಇತ್ತು, ಅದರೊಳಗೆ ಮುದುಡಿ ಕೂತಳು. ಇಡೀ ಬಂಡೆ ಅವಳಿಗೆ ಗೋಡೆಯಾಯಿತು.

ಮಂಕಾಳಿ ಒಂದು ತೆಂಗಿನ ಬುಡ ತಬ್ಬಿಕೊಂಡು ನಿಂತಿದ್ದಳು. ಒಂದು ಹೆಜ್ಜೆ ಮುಂದಿಡಲು ಆಗುತ್ತಿಲ್ಲ. ಸಿಟ್ಟು ಬಂದು ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿದಳು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅಂತಾರಲ್ಲ, ಹಾಗಾಯಿತು.

"ನಿಲ್ಲೋ! ನನ್ನ ಮಗಳಿದ್ದಾಳೆ ಅಲ್ಲಿ, ನಿಲ್ಲು!"

"ನಿಲ್ಲೋಕೆ ಬರಲ್ಲಮ್ಮ," ಎಂದಿತು ಗಾಳಿ. "ಕಾದ ಕಡಲಿನ ಹಬೆಯೇ ನನ್ನ ಊಟ. ಹಬೆ ಮೇಲಕ್ಕೆ ಹೋಗುತ್ತೆ, ಆ ಜಾಗ ತುಂಬೋಕೆ ಸುತ್ತಲಿನ ಗಾಳಿ ಓಡಿ ಬರುತ್ತೆ. ಈ ಭೂಮಿ ಬೇರೆ ತಿರುಗ್ತಾ ಇರೋದರಿಂದ ನೆಟ್ಟಗೆ ಬರೋಕಾಗದೆ ಸುತ್ತುತ್ತೆ. ಸುತ್ತೋದು ನಿಲ್ಲಿಸಿದರೆ ನಾನು ಸತ್ತೆ."

"ಸುತ್ತು, ಬೇಡ ಅಂದೋರ್ಯಾರು? ನಡುವೆ ಒಂದಿಷ್ಟು ಜಾಗ ಬಿಟ್ಟುಕೊಂಡು ಸುತ್ತು. ಹಂಡೆ ನೀರಿಗೆ ಕೈ ಹಾಕಿ ಜೋರಾಗಿ ತಿರುಗಿಸಿದರೆ ನಡುವೆ ಗುಳಿ ಬೀಳಲ್ವಾ?"

ಗಾಳಿ ಯೋಚನೆ ಮಾಡಿತು. "ಹೌದಲ್ಲ ಮಾರಾಯ್ತಿ! ನನಗೆ ಹೊಳೆದೇ ಇರಲಿಲ್ಲ. ಸರಿ, ನಡುವೆ ಒಂದು ಅಂಗಳ ಬಿಡ್ತೇನೆ. ಆದರೆ ನಾನು ಮುಂದೆ ಹೋಗ್ತಾನೇ ಇರ್ತೇನೆ, ನನ್ನ ಅಂಗಳವೂ ಹೋಗ್ತಾ ಇರುತ್ತೆ. ಕುಚ್ಚಲಕ್ಕಿ ಅನ್ನ ಬೇಯೋವಷ್ಟು ಹೊತ್ತು ನಿನಗೆ ಬಿಡುವು. ಆಮೇಲೆ ನನ್ನ ಇನ್ನೊಂದು ಮಗ್ಗುಲು ಬರುತ್ತೆ. ಸುತ್ತುವವನು ನಾನು, ಹಾಗಾಗಿ ಈಗ ತೆಂಕಿನಿಂದ ಹೊಡೆದೆ, ಆಗ ಬಡಗಿನಿಂದ ಹೊಡೀತೇನೆ. ಇದನ್ನ ದಂಡೆಯವರಿಗೆಲ್ಲ ಹೇಳಬೇಕು. ಇಲ್ಲದಿದ್ದರೆ ನಾನು ಮೋಸ ಮಾಡಿದೆ ಅಂತಾರೆ."

"ಹೇಳ್ತೇನೆ," ಎಂದಳು ಮಂಕಾಳಿ. ಬಡಗಿನಿಂದ ಎಂದ ಮಾತು ಮಾತ್ರ ಅವಳ ಕಿವಿಯಲ್ಲೇ ಉಳಿಯಿತು. ತೆಂಕಿನ ಗಾಳಿ ತಪ್ಪಿಸಿಕೊಳ್ಳಲು ಹೊನ್ನಿ ಬಂಡೆಯ ಬಡಗು ಮಗ್ಗುಲಲ್ಲೇ ಕೂತಿರಬೇಕು.

ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ಮೋಡ ಹರಿದು ಬಿಸಿಲು ಬಿತ್ತು. ಎಲೆ ಅಲುಗುತ್ತಿಲ್ಲ. ಮರಳಿನ ತುಂಬ ಬಂಗುಡೆ, ಬೂತಾಯಿ, ಇನ್ನೂ ಹೆಸರೇ ಗೊತ್ತಿಲ್ಲದ ಮೀನು ಬಿದ್ದು ಹೊರಳಾಡುತ್ತಿವೆ. ಜನ ಬುಟ್ಟಿ ಹಿಡಿದು ಓಡೋಡಿ ಬಂದರು. ಎಲ್ಲರಿಗಿಂತ ಮುಂದೆ ಜಟ್ಟಿ.

"ಒಳಗೆ ಹೋಗಿ! ಮುಗಿದಿಲ್ಲ! ಬಡಗಿನಿಂದ ಬರುತ್ತೆ!" ಎಂದು ಕೂಗುತ್ತಲೇ ಮಂಕಾಳಿ ಓಡಿದಳು. ಕೆಲವರು ಅವಳ ಮುಖ ನೋಡಿ ಹೆದರಿ ಒಳಗೆ ಹೋದರು. ಜಟ್ಟಿ ನಕ್ಕ.

"ಆಕಾಶ ನೋಡು ಅತ್ತಿಗೆ, ತೊಳೆದಿಟ್ಟ ಹಾಗಿದೆ. ಮಳೆ ನಿಂತ ಮೇಲೂ ಕೊಪ್ಪೆ ಹೊದ್ದುಕೊಳ್ಳೋರುಂಟಾ?"

"ನಿನ್ನ ಕಾಲಿಗೆ ಬೀಳ್ತೇನೆ ಜಟ್ಟಿ, ಬಿಟ್ಟು ಹೋಗು!"

"ಈ ಬುಟ್ಟಿ ಒಂದು ತುಂಬಲಿ."

ನಿಂತು ವಾದ ಮಾಡಲು ಹೊತ್ತಿರಲಿಲ್ಲ. ಮಂಕಾಳಿ ಓಡಿದಳು. ಗಾಳಿ ನಿಂತರೂ ಕಡಲು ಕುದಿಯುತ್ತಲೇ ಇತ್ತು. ಎದೆಮಟ್ಟದ ನೀರಿನಲ್ಲಿ ಬಿದ್ದು ಎದ್ದು ಬಂಡೆ ಹತ್ತಿದಳು. ಹೊನ್ನಿ ಪೊಟರೆಯಲ್ಲಿ ನಡುಗುತ್ತಿದ್ದಳು, ಆದರೆ ಹೊರಗೆ ಬರಲು ಒಪ್ಪಲಿಲ್ಲ.

"ಇಷ್ಟು ಹೊತ್ತು ಇದೇ ನನ್ನ ಕಾಪಾಡಿದ್ದು ಅಮ್ಮ. ನಾನು ಇಲ್ಲಿಂದ ಬರಲ್ಲ."

"ಆಗಿನ ಗಾಳಿಗೆ ಇದು ಗೋಡೆ, ಇನ್ನು ಬರೋ ಗಾಳಿಗೆ ಇದು ಬಾಗಿಲು! ಏಳೇ!"

ಮಾತಿಗೆ ಬಗ್ಗದಾಗ ಮಂಕಾಳಿ ಮಗಳ ಕೆನ್ನೆಗೆ ಒಂದು ಕೊಟ್ಟಳು. ಅದುವರೆಗೆ ಅವಳು ಮಗಳ ಮೇಲೆ ಕೈ ಮಾಡಿದವಳಲ್ಲ. ದಂಡೆಗೆ ಮರಳುವಷ್ಟು ಹೊತ್ತಿರಲಿಲ್ಲ. ಅಳುತ್ತಿದ್ದವಳನ್ನು ಎಳೆದುಕೊಂಡು ತೆಂಕು ಮಗ್ಗುಲಿಗೆ ಬಂದು, ಒಂದು ಸಂದಿನಲ್ಲಿ ಕೂರಿಸಿ, ತಾನು ಅಡ್ಡ ಕೂತಳು. ಸೀರೆಯ ಸೆರಗಿನಿಂದ ಇಬ್ಬರನ್ನೂ ಕಲ್ಲಿಗೆ ಬಿಗಿದಳು. ಗಂಟು ಹಾಕಿ ಮುಗಿಯುವಷ್ಟರಲ್ಲಿ ಬಡಗಿನಿಂದ ಗಾಳಿ ಬಂತು, ಮೊದಲಿನಷ್ಟೇ ಜೋರಾಗಿ.

ಅದು ಹೋದ ಮೇಲೆ ತಾಯಿ ಮಗಳು ಇಳಿದು ಬಂದರು. ದಂಡೆಯಲ್ಲಿ ಜಟ್ಟಿ ಇರಲಿಲ್ಲ. ಅವನ ಜೊತೆ ಮೀನು ಹೆಕ್ಕುತ್ತಿದ್ದ ನಾಲ್ವರೂ ಇರಲಿಲ್ಲ. ಮಂಕಾಳಿ ಮರಳಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇನ್ನೆರಡು ಮಾತು ನಿಂತು ಹೇಳಿದ್ದರೆ ಅವನು ಕೇಳುತ್ತಿದ್ದನೋ ಏನೋ. ನಿಂತಿದ್ದರೆ ಹೊನ್ನಿ ಉಳಿಯುತ್ತಿರಲಿಲ್ಲ.

ಗಾಳಿ ನೆಲದ ಮೇಲೆ ಹೋಗಿತ್ತು. ನೆಲದಲ್ಲಿ ಹಬೆ ಎಲ್ಲಿಂದ ಬರಬೇಕು? ಊಟವಿಲ್ಲದೆ ಸೊರಗಿ, ಗುಡ್ಡದ ಬುಡದಲ್ಲಿ ಬರಿ ಸೋನೆಯಾಗಿ ಮಲಗಿತ್ತು. ಮಂಕಾಳಿ ಹೊನ್ನಿಯ ಕೈ ಹಿಡಿದುಕೊಂಡು ಅಲ್ಲಿಗೆ ಹೋದಳು.

"ಹೇಳಿದೆಯಾ?" ಎಂದು ಗಾಳಿ ಕೇಳಿತು, ಸಣ್ಣ ದನಿಯಲ್ಲಿ.

"ಹೇಳಿದೆ. ಕೆಲವರು ಕೇಳಿದರು. ನನ್ನ ಮೈದುನ ಕೇಳಲಿಲ್ಲ."

ಗಾಳಿ ಮಲಗಿದಲ್ಲಿಂದಲೇ ಕೇಳಿತು: "ಹಾಗಾದರೆ ಆ ಅಂಗಳ ಮುಚ್ಚಿಬಿಡ್ಲಾ? ನಡುವೆ ನಿಲ್ಲದಿದ್ದರೆ ಯಾರೂ ಮೋಸ ಹೋಗಲ್ಲ."

ಮಂಕಾಳಿ ಹೊನ್ನಿಯ ಕೆನ್ನೆ ನೋಡಿದಳು. ಐದು ಬೆರಳೂ ಮೂಡಿದ್ದವು.

"ಮುಚ್ಚಬೇಡ," ಎಂದಳು. "ನಾಳೆ ಇನ್ನೊಬ್ಬಳ ಮಗಳು ಸಿಕ್ಕಿಹಾಕಿಕೊಂಡಿರ್ತಾಳೆ. ಅಂಗಳ ಇರಲಿ. ಕೂಗಿ ಹೇಳೋ ಕೆಲಸ ನಮ್ಮದು."

ಹಾಗೆ ಉಳಿಯಿತು ನೋಡು ಆ ಅಂಗಳ. ಸಣ್ಣಪುಟ್ಟ ಗಾಳಿಗೆ ಅದಿಲ್ಲ, ಚೆನ್ನಾಗಿ ಬಲಿತ ಚಂಡಮಾರುತಕ್ಕೆ ಮಾತ್ರ. ಟಿವಿಯಲ್ಲಿ ಉಪಗ್ರಹದ ಚಿತ್ರ ತೋರಿಸುವಾಗ ಬಿಳಿ ಸುಳಿಯ ನಡುವೆ ಒಂದು ತೂತು ಕಾಣುತ್ತಲ್ಲ, ಈಗಿನವರು ಕಣ್ಣು ಅನ್ನುವುದು ಅದನ್ನೇ. ಹವಾಮಾನದವರು ಹಗಲೂ ರಾತ್ರಿ ಆ ಕಣ್ಣಿನ ಮೇಲೆ ಕಣ್ಣಿಟ್ಟು, ಅದು ಯಾವ ದಾರಿ ಹಿಡಿದಿದೆ, ಯಾವ ದಂಡೆಗೆ ಎಷ್ಟು ಹೊತ್ತಿಗೆ ಬಂದೀತು ಎಂದು ಲೆಕ್ಕ ಹಾಕುತ್ತಾರೆ. ಕೆಲವು ಸಲ ತಪ್ಪುತ್ತಾರೆ, ಆದರೂ ಹೇಳುವುದು ಬಿಡುವುದಿಲ್ಲ. ಚಂಡಮಾರುತ ಬರುತ್ತದೆ ಎಂದಾಗ ಆಟೋದವನು ಮೈಕು ಕಟ್ಟಿಕೊಂಡು ನಮ್ಮ ಕೇರಿಗೆ ಬಂದು, "ಗಾಳಿ ನಿಂತರೂ ಯಾರೂ ಹೊರಗೆ ಬರಬೇಡಿ" ಎಂದು ಗಂಟಲು ಹರಿದು ಕೂಗುತ್ತಾನಲ್ಲ, ಅವನು ಹೇಳುತ್ತಿರುವುದು ಜಟ್ಟಿ ಕೇಳದೆ ಹೋದ ಆ ಮಾತನ್ನೇ.